ಬೀಟ್ ಹೊಲಕ್ಕೆ ಬರುವ ಹೆಬ್ಬಾತುಗಳು

ಕಿಂಗ್ಸ್ ಲಿನ್, ನಾರ್ಫೋಕ್, ಇಂಗ್ಲೆಂಡ್
ಜನವರಿ

ತೀರ್ಥರೂಪ ಅಪ್ಪನಿಗೆ, ಮಾತೃಶ್ರೀ ಅವ್ವನಿಗೆ ನಿಮ್ಮ ಮಗಳು ಮಾಡುವ ನಮಸ್ಕಾರಗಳು. ನಾನು ಇಲ್ಲಿ ಕ್ಷೇಮ.

ಅಪ್ಪ, ನೀವು ಫೋನಿನಲ್ಲಿ ಎರಡು ಮಾತು ಕೇಳಿದಿರಿ. ಅಲ್ಲಿ ಹೊಲದಲ್ಲಿ ಏನು ಬೆಳೆಯುತ್ತಾರೆ, ಆ ಚಳಿಗೆ ಹಕ್ಕಿಪಕ್ಕಿ ಬದುಕುತ್ತವಾ ಅಂತ. ಎರಡಕ್ಕೂ ಉತ್ತರ ಒಂದೇ ಹೊಲದಲ್ಲಿದೆ. ಫೋನಿನಲ್ಲಿ ಹೇಳಿದರೆ ಮುಗಿಯುವುದಿಲ್ಲ ಅಂತ ಕಾಗದ ಬರೆಯುತ್ತಿದ್ದೇನೆ.

ಇಲ್ಲಿ ಕಬ್ಬಿಲ್ಲ. ಸಕ್ಕರೆ ತೆಗೆಯುವುದು ಗಡ್ಡೆಯಿಂದ. ಶುಗರ್ ಬೀಟ್ ಅನ್ನುತ್ತಾರೆ. ನಮ್ಮ ಬೀಟ್‌ರೂಟಿನ ಜಾತಿಯೇ, ಆದರೆ ಬಿಳಿ, ಗಾತ್ರವೂ ಜಾಸ್ತಿ. ಕೌಂಟಿ ಅಂದರೆ ನಮ್ಮ ಜಿಲ್ಲೆ ಇದ್ದ ಹಾಗೆ; ಇದೇ ನಾರ್ಫೋಕ್ ಕೌಂಟಿಯ ಕ್ಯಾಂಟ್ಲಿಯಲ್ಲಿ 1912ರಲ್ಲಿ ಶುರುವಾದ ಕಾರ್ಖಾನೆ ಇವತ್ತಿಗೂ ಗಡ್ಡೆಯಿಂದ ಸಕ್ಕರೆ ತೆಗೆಯುತ್ತಿದೆ. ಚಳಿಗಾಲ ಪೂರ್ತಿ ರಸ್ತೆ ತುಂಬ ಗಡ್ಡೆ ಹೊತ್ತ ಲಾರಿಗಳು. ಕೀಳುವ ಮಷೀನು ಮೊದಲು ಎಲೆ ಮತ್ತು ಗಡ್ಡೆಯ ತಲೆಯನ್ನು ಕತ್ತರಿಸಿ ಹೊಲದಲ್ಲೇ ಬಿಡುತ್ತದೆ, ಆಮೇಲೆ ಗಡ್ಡೆ ಎತ್ತುತ್ತದೆ. ಉಳಿದ ಆ ಸೊಪ್ಪು, ಮುರಿದ ಚೂರು, ಇವೇ ಹೆಬ್ಬಾತುಗಳ ಮೇವು.

ಪಿಂಕ್ ಫೂಟೆಡ್ ಗೂಸ್ ಅಂತ ಇವುಗಳ ಹೆಸರು. ಕಂದು ಮೈ, ಕಪ್ಪಗಿನ ತಲೆ, ಗುಲಾಬಿ ಕಾಲು. ಐಸ್‌ಲ್ಯಾಂಡ್, ಗ್ರೀನ್‌ಲ್ಯಾಂಡಿನಲ್ಲಿ ಮರಿ ಮಾಡಿ ಸೆಪ್ಟೆಂಬರ್ ಹೊತ್ತಿಗೆ ಈ ಕಡೆ ಬರುತ್ತವೆ. ನಮಗೆ ಇದು ಕೊರೆಯುವ ಚಳಿ, ಅವಕ್ಕೆ ಇದೇ ಬೆಚ್ಚಗಿನ ಊರು! ಬೆಳಗಾಗುವ ಮುಂಚೆ ಸದ್ದು ಶುರು. ಸಮುದ್ರದ ಕಡೆಯಿಂದ ಒಂದು ಸಾಲು, ಅದರ ಹಿಂದೆ ಇನ್ನೊಂದು ಸಾಲು, ಊರಿನ ಮೇಲೇ ಹಾದು ಹೊಲಕ್ಕೆ ಹೋಗುತ್ತವೆ. ಹೋಗುವಾಗ ಒಂದೇ ಸಮನೆ ಮಾತಾಡುತ್ತವೆ. ಹೊಸ ಮರಿಗಳು ಮೊದಲ ಚಳಿಗಾಲ ಪೂರ್ತಿ ಅಪ್ಪ ಅವ್ವನ ಜೊತೆಯಲ್ಲೇ ಇರುತ್ತವೆ. ದೊಡ್ಡ ಹಿಂಡಿನಲ್ಲಿ ಒಬ್ಬರನ್ನೊಬ್ಬರು ಕಳೆದುಕೊಳ್ಳಬಾರದಲ್ಲ, ಅದಕ್ಕೇ ಅಷ್ಟು ಕೂಗಾಟ ಇರಬೇಕು.

ಒಂದು ಬೇಲಿಯ ಮರೆಯಲ್ಲಿ ನಿಂತು ನೋಡಿದ್ದೇನೆ. ನೂರಾರು ಹಕ್ಕಿ ತಲೆ ಬಗ್ಗಿಸಿ ತಿನ್ನುತ್ತಿದ್ದರೂ ಅಲ್ಲೊಂದು ಇಲ್ಲೊಂದು ಕತ್ತು ನೆಟ್ಟಗೆ ಎತ್ತಿ ಕಾಯುತ್ತಿರುತ್ತದೆ. ಅದು ತಲೆ ಇಳಿಸಿದರೆ ಪಕ್ಕದ್ದು ಎತ್ತುತ್ತದೆ. ಕಾರಿಗೆ ಹೆದರುವುದಿಲ್ಲ. ಕಾರಿನಿಂದ ಮನುಷ್ಯ ಇಳಿದರೆ ಸಾಕು, ಇಡೀ ಹೊಲವೇ ಎದ್ದು ಹಾರುತ್ತದೆ.

ನಮ್ಮ ಶಿರಹಟ್ಟಿ ಕಡೆಯ ಮಾಗಡಿ ಕೆರೆ ನೆನಪಾಯಿತು ನೋಡಿ. ನಮ್ಮ ಪಟ್ಟೆತಲೆ ಹೆಬ್ಬಾತುಗಳು ಹಗಲು ಕೆರೆಯಲ್ಲಿ ಕೂತು, ಸಂಜೆ ಕಡಲೆ, ಶೇಂಗಾ ಹೊಲಕ್ಕೆ ಇಳಿಯುತ್ತವೆ. ಇವು ಉಲ್ಟಾ. ಹಗಲು ಹೊಲ, ರಾತ್ರಿ ಸಮುದ್ರದಂಡೆಯ ಕೆಸರು. ನನಗನ್ನಿಸುವುದು, ನಮ್ಮಲ್ಲಿ ಹಗಲು ಹೊಲದ ತುಂಬ ಆಳುಗಳು ಇರುತ್ತಾರೆ. ಇಲ್ಲಿ ಎಕರೆಗಟ್ಟಲೆ ಹೊಲದಲ್ಲಿ ಒಂದು ನರಪಿಳ್ಳೆ ಕಾಣುವುದಿಲ್ಲ. ಬೆಳದಿಂಗಳು ಚೆನ್ನಾಗಿದ್ದರೆ ಇವು ರಾತ್ರಿಯೂ ಮೇಯುತ್ತವೆ. ಮಾಗಡಿ ಕೆರೆಗೆ 2024ರಲ್ಲಿ ರಾಮ್ಸರ್ ಪಟ್ಟ, ಅಂದರೆ ಜಗತ್ತಿನ ಮುಖ್ಯ ಜೌಗು ನೆಲ ಅನ್ನುವ ಮನ್ನಣೆ, ಸಿಕ್ಕಿತಲ್ಲ, ಇಲ್ಲಿನ ಸಮುದ್ರದಂಡೆಗೂ ಅದೇ ಪಟ್ಟ ಇದೆ.

ರೈತರು ಬೈಯುವುದಿಲ್ಲವಾ ಅಂತ ನೀವು ಕೇಳೇ ಕೇಳುತ್ತೀರಿ. ಕಿತ್ತಾದ ಬೀಟ್ ಹೊಲದಲ್ಲಿ ಎಷ್ಟು ತಿಂದರೂ ಯಾರೂ ಏನೂ ಅನ್ನುವುದಿಲ್ಲ. ಕಸ ತಾನೇ. ಆದರೆ ಗಡ್ಡೆ ಎತ್ತಿದ ಬೆನ್ನಿಗೇ ನೇಗಿಲು ಹೊಡೆದು ಗೋಧಿ ಬಿತ್ತಿದರೆ ಸೊಪ್ಪು ಮಣ್ಣಡಿಗೆ ಹೋಯಿತು. ಆಗ ಹಸಿದ ಹಿಂಡು ಪಕ್ಕದ ಗೋಧಿ ಸಸಿಗೆ ಬಾಯಿ ಹಾಕುತ್ತದೆ, ಜಗಳ ಅಲ್ಲಿಂದ ಶುರು. ಗ್ರೀನ್‌ಲ್ಯಾಂಡಿನಿಂದ ಬಂದ ಹಕ್ಕಿಯ ಊಟ ಇಲ್ಲಿನ ರೈತ ಯಾವತ್ತು ನೇಗಿಲು ಹೂಡುತ್ತಾನೆ ಅನ್ನುವುದರ ಮೇಲೆ ನಿಂತಿದೆ. ದೊಡ್ಡಪ್ಪನಿಗೆ ಇದನ್ನು ಓದಿ ಹೇಳಿ. ಕಡಲೆ ಹೊಲದಲ್ಲಿ ಡಬ್ಬ ಬಡಿಯುವುದನ್ನು ಬಿಟ್ಟಿದ್ದಾರಾ ಇಲ್ಲವಾ?

ಇವು ಮಲಗುವ ಕೆಸರು ಅಂದೆನಲ್ಲ, ಅದು ವಾಶ್ ಅನ್ನುವ ದೊಡ್ಡ ಕೊಲ್ಲಿ. ನೀರು ಇಳಿದಾಗ ಕಣ್ಣು ಹರಿಯುವಷ್ಟು ದೂರ ಬರೀ ಕೆಸರು. ನೋಡಿದರೆ ಖಾಲಿ ಅನಿಸುತ್ತದೆ. ಆದರೆ ಒಳಗೆಲ್ಲ ಹುಳ, ಚಿಪ್ಪು. ನಾಟ್ ಅನ್ನುವ ಸಣ್ಣ ಹಕ್ಕಿಗೆ ಕೊಕ್ಕು ಗಿಡ್ಡ, ಅದು ಮೇಲುಮೇಲಿನ ಸಣ್ಣ ಚಿಪ್ಪು ನುಂಗುತ್ತದೆ. ಗಾಡ್‌ವಿಟ್ ಅನ್ನುವ ಹಕ್ಕಿಗೆ ಉದ್ದ ಕೊಕ್ಕು, ಆಳದ ಹುಳ ಅದರ ಪಾಲು. ಹಾಗಾಗಿ ಒಂದೇ ಕೆಸರಿನಲ್ಲಿ ಎಲ್ಲರಿಗೂ ಊಟ.

ಹುಣ್ಣಿಮೆ, ಅಮಾವಾಸ್ಯೆ ಆದ ಒಂದೆರಡು ದಿನಕ್ಕೆ ಉಬ್ಬರ ಜೋರಾಗಿರುತ್ತದೆ. ಇಲ್ಲಿ ಹಕ್ಕಿ ನೋಡುವವರು ನಮ್ಮಲ್ಲಿ ಪಂಚಾಂಗ ನೋಡುವ ಹಾಗೆ ಉಬ್ಬರದ ಪಟ್ಟಿ ನೋಡಿ ಮನೆ ಬಿಡುತ್ತಾರೆ. ನಾವು ಆಸ್ಪತ್ರೆಯ ಕೆಲವರು ವಾಶ್ ದಂಡೆಯ ಸ್ನೆಟಿಶಮ್‌ಗೆ ಹಾಗೇ ಹೋಗಿದ್ದೆವು. ನೀರು ಏರುತ್ತಾ ಏರುತ್ತಾ ಕೆಸರನ್ನೆಲ್ಲ ನುಂಗಿತು. ಹಕ್ಕಿಗಳು ಹಿಂದೆ ಹಿಂದೆ ಸರಿದು, ನಿಲ್ಲಲು ಜಾಗವೇ ಇಲ್ಲ ಅಂದಾಗ ಒಟ್ಟಿಗೆ ಎದ್ದವು. ಸಾವಿರಾರು! ಹಿಂಡು ಒಂದು ಕಡೆ ತಿರುಗಿದರೆ ಬೂದಿ ಬಣ್ಣ, ಇನ್ನೊಂದು ಕಡೆ ತಿರುಗಿದರೆ ಬಿಳಿ. ನಮ್ಮ ತಲೆಯ ಮೇಲೇ ಹೋದಾಗ ಕೂಗು ಕೇಳಿಸಲಿಲ್ಲ, ರೆಕ್ಕೆಯ ಗಾಳಿ ಮಾತ್ರ. ದಂಡೆಯ ಹಿಂದೆ ಹಿಂದೆಂದೋ ಜಲ್ಲಿ ತೆಗೆದ ಹೊಂಡಗಳಿವೆ. ಅಲ್ಲಿಗೆ ಬಂದು ಒತ್ತೊತ್ತಾಗಿ ನಿಂತು, ನೀರು ಇಳಿಯುವ ತನಕ ನಿದ್ದೆ.

ಕೌಂಟಿಯ ಪೂರ್ವಕ್ಕೆ ಬ್ರಾಡ್ಸ್ ಅಂತ ಕೆರೆಗಳಿವೆ, ಜೊಂಡು ಬೆಳೆದದ್ದು. ಶತಮಾನಗಳ ಹಿಂದೆ ಉರುವಲಿಗೆ ಪೀಟ್ ಮಣ್ಣು ಅಗೆದ ಗುಂಡಿಗಳಿಗೆ ನೀರು ತುಂಬಿ ಆದವು. ಜೊಂಡಿನ ಮೇಲೆ ಮಾರ್ಶ್ ಹ್ಯಾರಿಯರ್ ಅನ್ನುವ ಗಿಡುಗ ಸುತ್ತುತ್ತದೆ. 1971ರಲ್ಲಿ ಇಡೀ ಬ್ರಿಟನ್ನಿನಲ್ಲಿ ಗೂಡು ಕಟ್ಟಿದ್ದು ಒಂದೇ ಜೋಡಿಯಂತೆ. ಈಗ ಬ್ರಾಡ್ಸ್‌ಗೆ ಹೋದವರಿಗೆಲ್ಲ ಕಾಣುತ್ತದೆ.

ಅವ್ವ, ನೀನು ಹಾಲಕ್ಕಿ ಶಕುನ ಹೇಳುತ್ತೀಯಲ್ಲ, ಇಲ್ಲಿನವರೂ ಕಡಿಮೆ ಇಲ್ಲ. ಮ್ಯಾಗ್‌ಪೈ ಅಂತ ಕಪ್ಪುಬಿಳುಪಿನ ಉದ್ದ ಬಾಲದ ಹಕ್ಕಿ. ಒಂಟಿಯಾಗಿ ಕಂಡರೆ ಕೆಟ್ಟದ್ದು. ಅದಕ್ಕೆ ಪರಿಹಾರ, ಹಕ್ಕಿಗೇ ನಮಸ್ಕಾರ ಹೇಳುವುದು! ಓದಿದ ಡಾಕ್ಟರೂ ಹೇಳಿದ್ದನ್ನು ಕಿವಿಯಾರೆ ಕೇಳಿದ್ದೇನೆ. ಆದರೆ ನಮ್ಮವರು ಓಡಿಸುವ ಕಣಜ ಗೂಬೆಯನ್ನು ಮಾತ್ರ ಇವರು ಕರೆದು ಕೂರಿಸುತ್ತಾರೆ. ಕೊಟ್ಟಿಗೆಯಲ್ಲಿ ಮರದ ಪೆಟ್ಟಿಗೆ ಕಟ್ಟಿಡುತ್ತಾರೆ. ಸಂಜೆ ಹೊತ್ತು ಕಾಲುವೆ ಬದಿಯ ಹುಲ್ಲಿನ ಮೇಲೆ ಬೆಳ್ಳಗೆ, ಸದ್ದೇ ಇಲ್ಲದೆ ಹಾರುತ್ತದೆ. ಇಲಿಯಂಥ ವೋಲ್ ಹಿಡಿಯಲು. ಅದರ ಗರಿ ಮಳೆಗೆ ಬೇಗ ನೆನೆಯುತ್ತದೆ. ಎಡೆಬಿಡದೆ ಮಳೆ ಸುರಿದರೆ ಪಾಪ ಉಪವಾಸ.

ಇನ್ನು ನಮ್ಮ ಹಿತ್ತಲು. ಮನೆ ಮಾಲಕಿ ಅಜ್ಜಿ ತಂತಿಯ ಕೊಳವೆಯಲ್ಲಿ ಏನು ತುಂಬಿ ನೇತುಹಾಕುತ್ತಾಳೆ ಗೊತ್ತಾ? ಶೇಂಗಾ! ಹಕ್ಕಿಗೆ ಅಂತಲೇ ಅಂಗಡಿಯಲ್ಲಿ ಚೀಲಗಟ್ಟಲೆ ಮಾರುತ್ತಾರೆ. ಬ್ಲೂ ಟಿಟ್ ಅನ್ನುವ ಹಳದಿ ಹೊಟ್ಟೆ, ನೀಲಿ ಟೋಪಿಯ ಪುಟ್ಟ ಹಕ್ಕಿ ತಲೆಕೆಳಗಾಗಿ ನೇತಾಡಿಕೊಂಡು ಕುಟುಕುತ್ತದೆ. ಕೊಳವೆಯನ್ನು ಅಜ್ಜಿ ಬಿಸಿನೀರಿನಲ್ಲಿ ತೊಳೆಯದೆ ಮತ್ತೆ ತುಂಬುವುದಿಲ್ಲ. ಗ್ರೀನ್‌ಫಿಂಚ್ ಅನ್ನುವ ಹಸಿರು ಹಕ್ಕಿಗೆ 2005ರಿಂದೀಚೆಗೆ ಗಂಟಲು ರೋಗ ಬಂದು ಸಂಖ್ಯೆ ಬಹಳ ಕುಸಿದಿದೆ, ಗಲೀಜು ತಟ್ಟೆಯಿಂದಲೂ ಅದು ಹರಡುತ್ತದೆ. ನಮ್ಮ ಗುಬ್ಬಚ್ಚಿಯೂ ಇಲ್ಲಿದೆ, ಅದೇ ಗುಬ್ಬಚ್ಚಿ. ಇಲ್ಲಿಯೂ ಕಡಿಮೆಯಾಗಿದೆ ಅಂತ ಕೊರಗುತ್ತಾರೆ. ನೈಟ್ ಡ್ಯೂಟಿ ಮುಗಿಸಿ ಬರುವಾಗ ಬೀದಿ ದೀಪದ ಬಳಿ ರಾಬಿನ್ ಹಾಡುತ್ತಿರುತ್ತದೆ. ಕೆಂಪು ಎದೆ, ಮುಷ್ಟಿಯಷ್ಟು ಮೈ, ಜಗಳಗಂಟತನ ಮಾತ್ರ ಬೆಟ್ಟದಷ್ಟು. ಚಳಿಗಾಲದಲ್ಲಿ ಹೆಣ್ಣೂ ತನ್ನದೇ ಜಾಗ ಹಿಡಿದು ಹಾಡುತ್ತದೆ, ಗಂಡನನ್ನೂ ಒಳಗೆ ಬಿಡುವುದಿಲ್ಲ. ಅವ್ವ, ಇದು ನಿನಗೆ ಹಿಡಿಸುತ್ತದೆ.

ಈ ತಿಂಗಳ ದುಡ್ಡು ಹಾಕಿದ್ದೇನೆ, ಬ್ಯಾಂಕಿಗೆ ಹೋಗಿ ನೋಡಿ. ಅಪ್ಪ, ಮೊಣಕಾಲಿನ ಗುಳಿಗೆ ತಪ್ಪಿಸಬೇಡಿ. ಶೇಂಗಾಕ್ಕೆ ಈ ಸಲ ರೇಟು ಎಷ್ಟು ಸಿಕ್ಕಿತು, ಮಾಗಡಿ ಕೆರೆಯಲ್ಲಿ ನೀರು ಎಷ್ಟಿದೆ, ಎರಡನ್ನೂ ಮರೆಯದೆ ಬರೆಯಿರಿ.

ಇಂತಿ ನಿಮ್ಮ ಮಗಳು