ಶಾಂತಿ ಸಭೆಯ ಚಾ ಬಿಸ್ಕತ್ತು ಸಾಕಾ?

ಮಾನ್ಯ ಸಂಪಾದಕರೇ,

ಹಬ್ಬ ಹತ್ರ ಬಂತು ಅಂದ್ರೆ ನಮ್ಮ ಶಿರಸಿ ಕಡೆ ಹಿಂದೂ ಮುಸ್ಲಿಂ ಇಬ್ರನ್ನೂ ಕೂರ್ಸೋ ಶಾಂತಿ ಸಭೆ ಶುರು. ಹೋದ ವರ್ಷ ನಾನೂ ಒಂದಕ್ಕೆ ಹೋಗಿದ್ದೆ, ಇವ್ರು ಈ ಸಾಲಲ್ಲಿ ಅವ್ರು ಆ ಸಾಲಲ್ಲಿ ಕೂತು ಭಾಷಣ ಕೇಳಿ ಚಾ ಬಿಸ್ಕತ್ತು ಮುಗ್ಸಿ ಬೈಕ್ ಹತ್ತಿ ಹೋದ್ರು, ಆಚೆ ಸಾಲಿನವ್ರ ಹತ್ರ ಯಾರೂ ಒಂದು ಮಾತಾಡ್ಲಿಲ್ಲ, ನಾನೂ ಆಡ್ಲಿಲ್ಲ ಅನ್ನಿ. ಮಾರನೇ ದಿನ ಅಲ್ಲಿಗೆ ಬಂದಿದ್ದವ್ರೇ ಒಬ್ರು ವಾಟ್ಸಾಪಲ್ಲಿ "ಅವ್ರೆಲ್ಲಾ ಹಾಗೇ" ಅಂತ ಫಾರ್ವರ್ಡ್ ಮಾಡಿದ್ರು.

1954ರಲ್ಲಿ ಅಮೆರಿಕಾದ ಒಕ್ಲಹೋಮಾದಲ್ಲಿ ಮುಜಾಫರ್ ಶೆರಿಫ್ ಅನ್ನೋ ಮನಃಶಾಸ್ತ್ರಜ್ಞರು 22 ಹುಡುಗ್ರನ್ನ ಕ್ಯಾಂಪಿಗೆ ಕರ್ಕೊಂಡು ಹೋಗಿ ಎರಡು ಗುಂಪು ಮಾಡಿದ್ರು. ಎಲ್ರೂ ಒಂದೇ ನಮೂನೆ ಮನೆಯವ್ರು, ಎಲ್ರೂ ಪ್ರೊಟೆಸ್ಟೆಂಟ್ ಕ್ರೈಸ್ತರೇ. ಆದ್ರೂ ಪಂದ್ಯ ಇಟ್ಟಿದ್ದೇ ತಡ, ಎದುರು ಗುಂಪಿನ ಬಾವುಟ ಸುಡೋವರೆಗೆ ಹೋಯ್ತು! ಆಮೇಲೆ ಒಟ್ಟಿಗೆ ಊಟಕ್ಕೆ ಕೂರ್ಸಿದ್ರೆ ಊಟಾನೇ ಎಸೆದಾಡಿದ್ರು, ಅಂದ್ರೆ ನಮ್ಮ ಚಾ ಬಿಸ್ಕತ್ತಿನ ಕಥೆ. ಸರಿಹೋಗಿದ್ದು ಯಾವಾಗ ಅಂದ್ರೆ ಬೇಕಂತಲೇ ನೀರು ನಿಲ್ಸಿ ಎಲ್ಲಿ ಕೆಟ್ಟಿದೆ ಅಂತ ಎಲ್ರೂ ಸೇರಿ ಹುಡುಕೋ ಹಾಗೆ ಮಾಡ್ದಾಗ, ಲಾರಿ ಸ್ಟಾರ್ಟ್ ಆಗ್ತಿಲ್ಲ ಅಂದಾಗ. ಹಗ್ಗಜಗ್ಗಾಟದಲ್ಲಿ ಒಬ್ರನ್ನೊಬ್ರು ಎಳೆದಿದ್ದ ಅದೇ ಹಗ್ಗ ಕಟ್ಟಿ ಎಲ್ರೂ ಸೇರಿ ಲಾರಿ ಎಳೆದ್ರಂತೆ. ಅದೂ ಒಂದೇ ದಿನಕ್ಕೆ ಆಗಿದ್ದಲ್ಲ.

ಹಾಗಂತ ಧರ್ಮಕ್ಕೂ ಇದಕ್ಕೂ ಸಂಬಂಧವೇ ಇಲ್ಲ ಅಂತಲ್ಲ. 1992ರಲ್ಲಿ ಕೆನಡಾದ ಮನಃಶಾಸ್ತ್ರಜ್ಞರಾದ ಆಲ್ಟ್‌ಮೇಯರ್ ಮತ್ತು ಹನ್ಸ್‌ಬರ್ಗರ್ ಜನರನ್ನ ಕೇಳಿ ನೋಡಿದಾಗ, "ನಮ್ಮದೊಂದೇ ಸತ್ಯ" ಅಂತ ಪಟ್ಟು ಹಿಡಿದವ್ರಲ್ಲಿ ಪೂರ್ವಗ್ರಹ ಜಾಸ್ತಿ ಕಂಡಿತ್ತು, ದೇವ್ರ ವಿಷಯದಲ್ಲಿ ಪ್ರಶ್ನೆ ಕೇಳ್ಕೊಳ್ತಾ ಇರೋರಲ್ಲಿ ಕಮ್ಮಿ. ಸಮಸ್ಯೆ ಪೂಜೆ ನಮಾಜಿನದಲ್ಲ, ಆ ಪಟ್ಟಿನದು ಅಂತ ನಂಗನ್ಸತ್ತೆ. ದೂರ ಯಾಕೆ, ನಮ್ಮ ಯಲ್ಲಾಪುರ ಹಳಿಯಾಳದ ಆಫ್ರಿಕಾ ಮೂಲದ ಸಿದ್ದಿ ಜನಾಂಗದವ್ರಲ್ಲೇ ಹಿಂದೂ, ಮುಸ್ಲಿಂ, ಕ್ರೈಸ್ತ ಮೂರೂ ಇದ್ದಾರೆ, ಆದ್ರೂ ಸಿದ್ದಿ ಅನ್ನೋ ನಂಟು ಬಿಟ್ಟಿಲ್ಲ.

ಹಾಗಾಗಿ ಸಭೆ ಮಾಡೋರಲ್ಲಿ ಒಂದು ವಿನಂತಿ, ಭಾಷಣ ಬಿಟ್ಟು ಮಳೆಗಾಲಕ್ಕೆ ಮುಂಚೆ ಎರಡೂ ಕೇರಿಯವ್ರು ಸೇರಿ ಗಟಾರ ಬಿಡಿಸೋ ಕೆಲಸ ಇಡಿ. ವಾಲಿಬಾಲ್ ಆದ್ರೂ ಸರಿ. ಆದ್ರೆ ಸೌಹಾರ್ದ ಕಪ್ ಅಂತ ಬ್ಯಾನರ್ ಹಾಕಿ ಕೇರಿಗೊಂದು ಟೀಂ ಮಾಡ್ಬೇಡಿ ಮಾರಾಯ್ರೆ, ಅದು ಶೆರಿಫ್ ಜಗಳ ಹಚ್ಚಿದ ದಾರೀನೇ ಆಯ್ತಲ್ಲ. ಟೀಂ ಕಲಸಿ ಮಾಡಿ, ನೆಟ್ ಕಟ್ಟೋಕೆ ನಾನು ಬರ್ತೇನೆ.

ಒಬ್ಬ ಓದುಗ, ಶಿರಸಿ