ಮಗಳಿಗೊಂದು ಪತ್ರ: ನನ್ನ ಗುರುವಾರಗಳು

ಕುಮಟಾ

ಪ್ರೀತಿಯ ಪುಟ್ಟೀ,

ಆಯಿಯ ಆಶೀರ್ವಾದಗಳು. ಮೊನ್ನೆ ನೀನು ಫೋನ್ ಮಾಡಿದಾಗ ಅಂಗಡಿಯಲ್ಲಿ ಗಿರಾಕಿಗಳಿದ್ದರು, ನಿನ್ನ ಪ್ರಶ್ನೆಗೆ ನೆಟ್ಟಗೆ ಉತ್ತರ ಹೇಳಲಾಗಲಿಲ್ಲ. ಆಫೀಸಿನ ಗೆಳತಿಯರು ರೋಟರಿ ಸೇವಾ ಸಂಸ್ಥೆಯ ಯುವಜನರ ಕೂಟವಾದ ರೋಟರ‍್ಯಾಕ್ಟ್ ಕ್ಲಬ್ಬಿಗೆ ಕರೆಯುತ್ತಿದ್ದಾರೆ, ಹೋಗಲೋ ಬೇಡವೋ ಎಂದು ಕೇಳಿದೆ. ಹಾರ, ಶಾಲು, ಫೋಟೊ ಬಿಟ್ಟರೆ ಅಲ್ಲಿ ಏನಿದೆ, ಹದಿನೆಂಟು ವರ್ಷ ಗುರುವಾರದ ಸಂಜೆಗಳನ್ನು ರೋಟರಿ ಕ್ಲಬ್ಬಿಗೇಕೆ ಕೊಟ್ಟೆ ಎಂದೂ ಕೇಳಿದೆ. ಆ ಸಂಜೆಗಳಲ್ಲಿ ಅಜ್ಜಿಯ ಕೈತುತ್ತು ಉಂಡು ನಾನು ಬರುವುದರೊಳಗೆ ನಿದ್ದೆ ಹೋಗುತ್ತಿದ್ದವಳು ನೀನು. ಹಾಗಾಗಿ ಕೇಳುವ ಹಕ್ಕು ನಿನಗಿದೆ, ಹೇಳುವ ಋಣ ನನಗಿದೆ.

ರೋಟರಿ ಶುರುವಾದದ್ದೇ ಒಬ್ಬ ವಕೀಲನ ಒಂಟಿತನದಿಂದ. ಚಿಕ್ಕ ಊರಿನಲ್ಲಿ ಬೆಳೆದ ಪಾಲ್ ಹ್ಯಾರಿಸ್ ಎಂಬಾತ ಷಿಕಾಗೊ ನಗರದಲ್ಲಿ ವಕೀಲಿ ಮಾಡಿಕೊಂಡಿದ್ದರೂ ಅಲ್ಲಿ ಊರಿನಂಥ ಸ್ನೇಹ ಸಿಗದೆ ಕೊರಗಿದ್ದ. 1905ರ ಫೆಬ್ರುವರಿ 23ರಂದು ಆತ ಒಬ್ಬ ಕಲ್ಲಿದ್ದಲು ವ್ಯಾಪಾರಿ, ಒಬ್ಬ ಗಣಿ ಎಂಜಿನಿಯರ್ ಮತ್ತು ಒಬ್ಬ ದರ್ಜಿಯನ್ನು ಕರೆದು ಕೂಡಿಸಿದ. ಸರದಿಯಂತೆ ಒಬ್ಬೊಬ್ಬರ ಕಚೇರಿಯಲ್ಲಿ ಸುತ್ತುತ್ತಾ ಸೇರುತ್ತಿದ್ದುದರಿಂದ ಆ ಕೂಟಕ್ಕೆ ರೋಟರಿ ಎಂಬ ಹೆಸರು ಬಂತು. ಸಾರ್ವಜನಿಕ ಶೌಚಾಲಯಕ್ಕಾಗಿ ದುಡಿದದ್ದು, ಊರಿನ ಕೆಲಸಕ್ಕೆ ಕೈಹಾಕಿದ್ದು ಎಲ್ಲ ಆಮೇಲೆ. ಮೊದಲು ಜೊತೆ, ಅದರ ಹಿಂದೆ ಸೇವೆ. ಬೆಂಗಳೂರಿನ ಬಾಡಿಗೆ ಕೋಣೆಯಲ್ಲಿ ಭಾನುವಾರ ಕಳೆಯುವುದೇ ಕಷ್ಟ ಎಂದು ನೀನು ಹೇಳಿದ ದಿನ ನನಗೆ ಆ ವಕೀಲನೇ ನೆನಪಾದ.

ಹೆಂಗಸರಿಗೆ ರೋಟರಿಯ ಬಾಗಿಲು ತೆರೆದದ್ದು 1989ರಲ್ಲಿ, ಅಂದರೆ ಎಂಬತ್ತನಾಲ್ಕು ವರ್ಷಗಳ ನಂತರ. ಬೇರೆ ಬೇರೆ ವೃತ್ತಿಯವರು ಕೂಡಬೇಕೆಂಬುದು ಅಲ್ಲಿನ ಹಳೆಯ ಪದ್ಧತಿಯಾದ್ದರಿಂದ, ಔಷಧಿ ಅಂಗಡಿಯವರು ಒಬ್ಬರೂ ಇಲ್ಲ ಎಂದು ನನ್ನನ್ನು ಕರೆದರು. ಮೊದಲ ಕೆಲವು ತಿಂಗಳು ನಾನು ಹಿಂದಿನ ಸಾಲಿನ ಕುರ್ಚಿಯಲ್ಲಿ ಕುಳಿತು ಚಹಾ ಕುಡಿದು ಬರುತ್ತಿದ್ದೆ. ಮೀನು ವ್ಯಾಪಾರಿ, ವಕೀಲರು, ವಿಮಾ ಏಜೆಂಟರು, ಅಡಿಕೆ ಮಂಡಿಯವರು, ಹೈಸ್ಕೂಲು ಮಾಸ್ತರರು ಹೀಗೆ ಊರಿನಲ್ಲಿ ಮತ್ತೆಲ್ಲಿಯೂ ಒಂದೇ ಮೇಜಿಗೆ ಬಾರದ ಜನ ಅಲ್ಲಿ ವಾರಕ್ಕೊಮ್ಮೆ ಎದುರುಬದುರು ಕೂರುತ್ತಿದ್ದರು. ಅದರ ಬೆಲೆ ನನಗೆ ತಿಳಿದದ್ದು ತಡವಾಗಿ, ಅದೂ ನನ್ನ ಒಂದು ತಪ್ಪಿನಿಂದ.

ಆ ವರ್ಷ ನಾವು ಕಣ್ಣಿನ ಪೊರೆಯ ಶಿಬಿರ ನಡೆಸಿದ್ದೆವು. ಅಘನಾಶಿನಿ ನದಿಯ ಅಳಿವೆಯಲ್ಲಿ ಇಳಿತದ ಹೊತ್ತಿಗೆ ಕೆಸರು ಕೆದಕಿ ಬಳಚು ಎಂಬ ಚಿಪ್ಪುಜೀವಿ ಹೆಕ್ಕಿ ಬದುಕಿದ ಒಬ್ಬ ಅಜ್ಜಿಯೂ ಅದರಲ್ಲಿದ್ದರು. ಶಸ್ತ್ರಚಿಕಿತ್ಸೆ ಚೆನ್ನಾಗಿಯೇ ಆಯಿತು, ಮಸೂರ ಕೂತಿತು. ಔಷಧ ಹಂಚುವ ಹೊಣೆ ನನ್ನದು. ಮೊದಲ ವಾರ ದಿನಕ್ಕೆ ಆರು ಸಲ, ಆಮೇಲೆ ವಾರ ವಾರವೂ ಒಂದೊಂದು ಕಡಿಮೆ ಮಾಡುತ್ತಾ ಆರು ವಾರ ಹನಿ ಹಾಕಬೇಕು ಎಂದು ಸಾಲಿನಲ್ಲಿ ನಿಂತ ಎಲ್ಲರಿಗೂ ಹೇಳಿದಂತೆ ಅವರಿಗೂ ಹೇಳಿ, ಸೀಸೆಯನ್ನು ಕೈಗಿತ್ತು, ವರದಿ ಬರೆಯುವ ಗಡಿಬಿಡಿಯಲ್ಲಿ ಮರೆತುಬಿಟ್ಟೆ. ಹತ್ತು ದಿನದ ಮೇಲೆ ದೋಣಿಯವನೊಬ್ಬ ಅಂಗಡಿಗೆ ಬಂದು, ಅಜ್ಜಿಯ ಕಣ್ಣು ಕೆಂಪಾಗಿದೆ ಎಂದ. ಹೋಗಿ ನೋಡಿದರೆ ಸೀಸೆ ದೇವರ ಗೂಡಿನಲ್ಲಿ ಬಟ್ಟೆಯ ಚೂರಿನಲ್ಲಿ ಸುತ್ತಿಟ್ಟಂತೆಯೇ ಇತ್ತು. ಮುಚ್ಚಳದ ಸೀಲು ಕೂಡ ಒಡೆದಿರಲಿಲ್ಲ. ನೋವು ಬಂದಾಗ ಹಾಕಬೇಕೆಂದು ಅವರು ತಿಳಿದಿದ್ದರು. ಹಾಕಬೇಕೆಂದರೂ ಆಗುತ್ತಿರಲಿಲ್ಲ: ವರ್ಷಗಟ್ಟಲೆ ಕೆಸರು ಕೆದಕಿದ ಬೆರಳುಗಳು ಸೆಟೆದು ಹೋಗಿದ್ದವು, ಅಷ್ಟು ಸಣ್ಣ ಸೀಸೆಯನ್ನು ಅದುಮುವ ಶಕ್ತಿ ಅವುಗಳಲ್ಲಿ ಇರಲಿಲ್ಲ. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಇದನ್ನೆಲ್ಲ ನಾನು ಶಿಬಿರದ ದಿನ ಕೇಳಿದ್ದರೆ ಎರಡು ನಿಮಿಷದ ಮಾತು.

ಅಲ್ಲೇ ನಿಂತು ನಮ್ಮ ಮೀನು ವ್ಯಾಪಾರಿ ಸದಸ್ಯರಿಗೆ ಫೋನ್ ಮಾಡಿದೆ. ಅದರ ಹಿಂದಿನ ವಾರವಷ್ಟೇ ಶಿಬಿರದ ಖರ್ಚಿನ ವಿಷಯಕ್ಕೆ ಅವರಿಗೂ ನನಗೂ ಸಭೆಯಲ್ಲಿ ಬಿರುಸಿನ ಮಾತಾಗಿತ್ತು. ಅವರು ಕೇಳಿದ್ದು ಒಂದೇ: “ಅಕ್ಕೋರೆ, ಗಾಡಿ ಯಾವ ದಡಕ್ಕೆ ತರಲಿ?” ಐಸಿನಲ್ಲಿದ್ದ ಮೀನನ್ನು ಇನ್ನೊಬ್ಬರ ವಶಕ್ಕೆ ಕೊಟ್ಟು ಬಂದು, ಅಜ್ಜಿಯನ್ನು ಆಸ್ಪತ್ರೆಗೆ ಕರೆದೊಯ್ದು, ರಾತ್ರಿಯ ತನಕ ಜೊತೆಗಿದ್ದರು. ಕಣ್ಣು ಉಳಿಯಿತು. ಗುರುವಾರದ ಚಹಾ ಏನನ್ನು ಕಟ್ಟಿತ್ತು ಎಂಬುದನ್ನು ನಾನು ಕಂಡದ್ದು ಅಂದು. ಜಗಳವಾಡಿದವರನ್ನು ಎಂಟು ದಿನದೊಳಗೆ ಸಂಕೋಚವಿಲ್ಲದೆ ಸಹಾಯಕ್ಕೆ ಕರೆಯಬಹುದಾದ ಸಲುಗೆ ಒಂದು ಶಿಬಿರದಲ್ಲಿ ಹುಟ್ಟುವುದಿಲ್ಲ. ವರ್ಷಗಟ್ಟಲೆ ಎದುರಿಗೆ ಕೂತು, ಒಬ್ಬರ ಮನೆಯ ಮದುವೆ, ಇನ್ನೊಬ್ಬರ ಮನೆಯ ಸಾವು ಎರಡನ್ನೂ ಹಂಚಿಕೊಂಡ ಮೇಲೆ ಬರುತ್ತದೆ.

ಮುಂದಿನ ಸಭೆಯಲ್ಲಿ ನನ್ನ ತಪ್ಪನ್ನು ಎದ್ದು ನಿಂತು ಹೇಳಿದೆ. ಅಂದಿನಿಂದ ಪ್ರತಿಯೊಬ್ಬ ರೋಗಿಯ ಹೆಸರಿನ ಎದುರಿಗೆ ಒಬ್ಬ ಸದಸ್ಯರ ಹೆಸರಿರುತ್ತದೆ, ಆರು ವಾರ ಆ ಕಣ್ಣು ಅವರ ಜವಾಬ್ದಾರಿ. ಇದರಿಂದ ಶಿಬಿರಕ್ಕೆ ತೆಗೆದುಕೊಳ್ಳುವವರ ಸಂಖ್ಯೆ ಇಳಿಯಿತು, ವರದಿ ಸಪ್ಪೆಯಾಗುತ್ತದೆ ಎಂದು ಕೆಲವರು ಬೇಸರಿಸಿದರು. ನನ್ನ ಅಭಿಪ್ರಾಯ ಬದಲಾಗಿಲ್ಲ. ಜುಲೈ 1ಕ್ಕೆ ಹೊಸ ಅಧ್ಯಕ್ಷರು ಬಂದು ಹಿಂದಿನವರ ಕೆಲಸವನ್ನು ಅರ್ಧಕ್ಕೆ ಬಿಟ್ಟು ತಮ್ಮದೊಂದನ್ನು ಶುರುಮಾಡುವ ಚಾಳಿಯನ್ನೂ ನಾನು ಒಪ್ಪುವುದಿಲ್ಲ. ಮೂರು ವರ್ಷ ಬೇಡುವ ಕೆಲಸಕ್ಕೆ ಮೂರು ವರ್ಷ ಕೊಡಲೇಬೇಕು.

ಬಹುಕಾಲ ಪಟ್ಟು ಹಿಡಿದು ನಡೆಸಿದ ಕೆಲಸ ಏನಾಗುತ್ತದೆ ಎಂಬುದಕ್ಕೆ ಪೋಲಿಯೊ ಇದೆಯಲ್ಲ. ರೋಟರಿ ಅದಕ್ಕೆ ಸೊಂಟ ಕಟ್ಟಿದ್ದು 1985ರಲ್ಲಿ. ಆರೋಗ್ಯ ಇಲಾಖೆಯವರ ಜೊತೆ ನಾವು ಐಸ್ ತುಂಬಿದ ಲಸಿಕೆ ಪೆಟ್ಟಿಗೆ ಹಿಡಿದು ದೋಣಿಯಲ್ಲಿ ಕುರ್ವೆಯ, ಅಂದರೆ ನದಿಯ ನಡುಗಡ್ಡೆಯ, ಮನೆಗಳಿಗೆ ಹೋಗುತ್ತಿದ್ದೆವು. ಸೀಸೆಯ ಮೇಲಿನ ವೃತ್ತದೊಳಗೆ ಒಂದು ಚೌಕವಿರುತ್ತದೆ. ಅದು ವೃತ್ತಕ್ಕಿಂತ ತಿಳಿಯಾಗಿದ್ದರೆ ಲಸಿಕೆ ಚೆನ್ನಾಗಿದೆ, ಶಾಖ ತಾಗಿ ವೃತ್ತದಷ್ಟೇ ಗಾಢವಾದರೆ ಎಸೆಯಬೇಕು. ಪ್ರತಿ ಮನೆಯ ಜಗುಲಿಯಲ್ಲಿ ಆ ಚೌಕವನ್ನು ಬಿಸಿಲಿಗೆ ಹಿಡಿದು ನೋಡಿದ ಮೇಲೆಯೇ ಮಗುವಿನ ಬಾಯಿಗೆ ಎರಡು ಹನಿ, ಕಿರುಬೆರಳಿಗೆ ಮಸಿ. ನಮ್ಮ ದೇಶದ ಕೊನೆಯ ಪ್ರಕರಣ ಹೌರಾದಲ್ಲಿ 2011ರ ಜನವರಿ 13ರಂದು ಕಂಡಿತು. 2014ರ ಮಾರ್ಚ್ 27ರಂದು ಪೋಲಿಯೊಮುಕ್ತವೆಂಬ ಪ್ರಮಾಣಪತ್ರ ಬಂತು. ಆ ದಿನ ನಾನು ಅಂಗಡಿಯಲ್ಲೇ ಕುಳಿತು ಅತ್ತಿದ್ದೆ, ನಿನಗೆ ಹೇಳಿರಲಿಲ್ಲ.

2024ರ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೆ ಕುಸಿದಾಗಲೂ ಸಭೆ ಕರೆಯುವ ಅಗತ್ಯ ಬೀಳಲಿಲ್ಲ. ಯಾರಲ್ಲಿ ಟಾರ್ಪಾಲು ಇದೆ, ಯಾರ ಮನೆಯಲ್ಲಿ ದೊಡ್ಡ ಪಾತ್ರೆಗಳಿವೆ ಎಂಬುದು ನಮಗೆ ಮೊದಲೇ ಗೊತ್ತಿತ್ತು.

ಆದ್ದರಿಂದ ನೀನು ಹೋಗು. ಆದರೆ ತಕ್ಷಣ ಸದಸ್ಯಳಾಗಬೇಡ, ನಾಲ್ಕು ಸಭೆಗೆ ಅತಿಥಿಯಾಗಿ ಹೋಗಿ ಕೂರು. ಕಳೆದ ವರ್ಷ ಮಾಡಿದ ಕೆಲಸ ಈಗ ಹೇಗಿದೆ ಎಂದು ಕೇಳು. ಹೇಳಬಲ್ಲವರು ಇಬ್ಬರಾದರೂ ಇದ್ದರೆ ಅದು ಒಳ್ಳೆಯ ಕ್ಲಬ್ಬು. ಸಭೆ ಮುಗಿದ ಮೇಲೆ ಜನ ಕೂಡಲೇ ಚದುರುತ್ತಾರೋ, ಬಾಗಿಲಲ್ಲಿ ನಿಂತು ಇನ್ನಷ್ಟು ಮಾತಾಡುತ್ತಾರೋ ಅದನ್ನೂ ಗಮನಿಸು. ನೋಡಿ ಬಂದು ನನಗೆ ಬರೆ.

ಈ ಸಲದ ಶಿಬಿರದಲ್ಲಿ ನನ್ನ ಹೆಸರಿನ ಎದುರಿಗೆ ಇಬ್ಬರಿದ್ದಾರೆ, ಇಬ್ಬರೂ ಕುರ್ವೆಯವರು. ನಾಳೆ ಅವರಿಗೆ ಮೂರನೆಯ ವಾರ, ಹನಿ ದಿನಕ್ಕೆ ನಾಲ್ಕಕ್ಕೆ ಇಳಿಯಬೇಕು. ಭರತದ ನೀರು ಇಳಿದರೆ ದೋಣಿ ದಡಕ್ಕೆ ಹತ್ತುವುದಿಲ್ಲವಾದ್ದರಿಂದ ಬೆಳಿಗ್ಗೆ ಏಳಕ್ಕೇ ಹೊರಡುತ್ತೇನೆ. ಒಂಬತ್ತರ ಮೇಲೆ ಫೋನ್ ಮಾಡು.

ಇಂತಿ ನಿನ್ನ
ಆಯಿ