ಹಳೆಯ ಫೋನನ್ನು ಆಗಲೇ ಎಕ್ಸ್‌ಚೇಂಜಿಗೆ ಕೊಡಬೇಡ

ಪ್ರೀತಿಯ ಪುಟ್ಟಿಗೆ, ನಿನ್ನ ಮಾವ ಮಾಡುವ ಆಶೀರ್ವಾದಗಳು.

ಸ್ವಂತ ಸಂಬಳದಲ್ಲಿ ಐಫೋನ್ ತಗೊಂಡಿದ್ದೀಯ ಅಂತ ಕೇಳಿ ತುಂಬಾ ಖುಷಿಯಾಯಿತು. ಆದರೆ ನಿನ್ನ ಮೆಸೇಜಿನಲ್ಲಿ ಖುಷಿಗಿಂತ ಬೇಸರವೇ ಜಾಸ್ತಿ ಇತ್ತು. ಬ್ಯಾಟರಿ ಸಂಜೆವರೆಗೂ ಬರುವುದಿಲ್ಲ, ಹಿಂದೆ ಹೋಗೋಕೆ ಬಟನ್ನೇ ಇಲ್ಲ, ಬಾಕ್ಸಿನಲ್ಲಿ ಚಾರ್ಜರ್ ಕೂಡ ಇಲ್ಲ, ದುಡ್ಡು ದಂಡವಾಯಿತೇನೋ ಅಂತ ಬರೆದಿದ್ದೀಯ. ಮೊಬೈಲ್ ಅಂಗಡಿ ನಡೆಸುವವನಾಗಿ ಹೇಳುತ್ತೇನೆ, ಮೊದಲ ವಾರದಲ್ಲಿ ಅನ್ನಿಸಿದ್ದನ್ನು ನಂಬಬೇಡ. ಇಷ್ಟವಾದದ್ದನ್ನೂ ಅಷ್ಟೇ, ಕಷ್ಟವಾದದ್ದನ್ನೂ ಅಷ್ಟೇ.

ಹೊಸ ಫೋನಿಗೆ ಶುರುವಿನಲ್ಲಿ ಕೆಲಸ ಜಾಸ್ತಿ. ಆಪ್‌ಗಳೆಲ್ಲ ಇಳಿಯಬೇಕು, ಅಪ್‌ಡೇಟ್ ಆಗಬೇಕು. ಫೋಟೋಗಳಲ್ಲಿ ಯಾವ ಮುಖ ಯಾರದ್ದು ಅಂತ ಅದು ಒಳಗೊಳಗೇ ವಿಂಗಡಿಸಿಕೊಳ್ಳುತ್ತಿರುತ್ತದೆ. ಅದಕ್ಕೇ ಬಿಸಿಯಾಗುತ್ತದೆ, ಚಾರ್ಜ್ ಬೇಗ ಇಳಿಯುತ್ತದೆ. ನೀನೂ ಸುಮ್ನೆ ಬಿಡುವುದಿಲ್ಲ, ಹೊಸದು ಅಂತ ಗಳಿಗೆಗೊಮ್ಮೆ ತೆಗೆದು ನೋಡುತ್ತೀಯ ಅಲ್ವಾ? ರಾತ್ರಿ ವೈಫೈ ಆನ್ ಇಟ್ಟು ಚಾರ್ಜಿಗೆ ಹಾಕಿ ಮಲಗು. ಎರಡು ವಾರ ಕಳೆದ ಮೇಲೂ ಹೀಗೇ ಇದ್ದರೆ ಆಗ ಸರ್ವಿಸ್ ಸೆಂಟರಿಗೆ ಹೋಗು.

ಹಿಂದೆ ಹೋಗಲು ಪರದೆಯ ಎಡ ಅಂಚಿನಿಂದ ಬೆರಳನ್ನು ಒಳಕ್ಕೆ ಸರಿಸಿದರೆ ಸಾಕು. ಚಾರ್ಜರನ್ನು ಆಪಲ್‌ನವರು 2020ರಿಂದಲೇ ಬಾಕ್ಸಿನಲ್ಲಿ ಇಡುತ್ತಿಲ್ಲ. 2023ರಲ್ಲಿ ಬಂದ ಐಫೋನ್ 15ರಿಂದ ಟೈಪ್-ಸಿ ಪಿನ್ನೇ ಇರುವುದರಿಂದ ನಿನ್ನ ಹಳೆಯ ಫೋನಿನ ಚಾರ್ಜರೇ ಆಗುತ್ತದೆ. ಹೊಸದಕ್ಕೆ ದುಡ್ಡು ಹಾಕಬೇಡ.

ಇವೆಲ್ಲ ಸಣ್ಣ ವಿಷಯ. ನನ್ನ ಮನಸ್ಸಿಗೆ ಚುಚ್ಚಿದ್ದು ನೀನು ಕೊನೆಯಲ್ಲಿ ಬರೆದ ಒಂದು ಸಾಲು. ವಾಟ್ಸಾಪಿನಲ್ಲಿ ಅಜ್ಜಿಯ ವಾಯ್ಸ್ ಮೆಸೇಜುಗಳು ಬಂದಿಲ್ಲ, ಬ್ಯಾಕಪ್ ಇದೆಯಲ್ಲ, ಬರಬಹುದು ಅಂತ ಬರೆದಿದ್ದೀಯ. ಪುಟ್ಟಿ, ತಾನಾಗಿ ಬರುವುದಿಲ್ಲ. ನಿನ್ನ ಹಳೆಯ ಆಂಡ್ರಾಯ್ಡ್ ಫೋನಿನ ಬ್ಯಾಕಪ್ ಇರುವುದು ಗೂಗಲ್‌ನವರ ಆನ್‌ಲೈನ್ ಉಗ್ರಾಣವಾದ ಗೂಗಲ್ ಡ್ರೈವಿನಲ್ಲಿ. ಐಫೋನು ನೋಡುವುದು ಆಪಲ್‌ನವರ ಉಗ್ರಾಣವಾದ ಐಕ್ಲೌಡನ್ನು. ಇಲ್ಲಿನದು ಅಲ್ಲಿಗೆ ಇಳಿಯುವುದಿಲ್ಲ. ನಿನ್ನ ಅಜ್ಜಿ, ನನ್ನ ಅಮ್ಮ, ಈಗ ನಮ್ಮ ಜೊತೆ ಇಲ್ಲ. 'ಊಟ ಆಯ್ತಾ ಮಗಾ' ಅಂತ ಕೇಳುವ ಆ ದನಿ ಉಳಿದಿರುವುದು ನಿನ್ನ ಹಳೆಯ ಫೋನಿನಲ್ಲಿ ಮಾತ್ರ. ಎಕ್ಸ್‌ಚೇಂಜಿನಲ್ಲಿ ಎಷ್ಟೇ ಕೊಡುತ್ತೇವೆಂದರೂ ಅದನ್ನು ಈಗಲೇ ಕೊಡಬೇಡ.

ಹೀಗೆ ಮಾಡು. ಹಳೆಯ ಫೋನಿನಿಂದ ವಾಟ್ಸಾಪ್ ಡಿಲೀಟ್ ಮಾಡಬೇಡ. ಮೊದಲು ಅದನ್ನು ಕೇಬಲ್ ಹಾಕಿ ಲ್ಯಾಪ್‌ಟಾಪಿಗೆ ಜೋಡಿಸು. ಆಂಡ್ರಾಯ್ಡ್ ಅನ್ನುವ ಫೋಲ್ಡರಿನೊಳಗೆ ಮೀಡಿಯಾ, ಅದರೊಳಗೆ com.whatsapp, ಅದರೊಳಗೆ ವಾಟ್ಸಾಪ್, ಅದರೊಳಗೆ ಇನ್ನೊಂದು ಮೀಡಿಯಾ ಇರುತ್ತದೆ. ಅಲ್ಲಿ 'ವಾಟ್ಸಾಪ್ ವಾಯ್ಸ್ ನೋಟ್ಸ್' ಅಂತ ಒಂದು ಫೋಲ್ಡರ್ ಸಿಗುತ್ತದೆ. ಇಡಿಯಾಗಿ ಕಾಪಿ ಮಾಡಿಕೋ. ಒಂದೆರಡನ್ನು ತೆರೆದು ಕೇಳಿ ನೋಡು, ಕಾಪಿ ಆಯಿತು ಅಂದುಕೊಂಡು ಎದ್ದುಬಿಡಬೇಡ. ಆಮೇಲೆ ಸಿಮ್ಮನ್ನು ಹಳೆಯ ಫೋನಿಗೆ ಹಾಕಿ, ಓಟಿಪಿ ಕೊಟ್ಟು ವಾಟ್ಸಾಪ್ ತೆರೆದು ಅಜ್ಜಿಯ ಚಾಟ್ ಇದೆಯೇ ನೋಡು.

ಚಾಟ್ ಪೂರ್ತಿ ಐಫೋನಿಗೆ ಬೇಕು ಅಂದರೆ ಅದರಲ್ಲಿರುವುದನ್ನೆಲ್ಲ ಅಳಿಸಿ ಮೊದಲಿನಿಂದ ಸೆಟಪ್ ಮಾಡಬೇಕು. ಸೆಟಪ್ ನಡೆಯುವಾಗಲೇ, ಆಂಡ್ರಾಯ್ಡಿನಲ್ಲಿರುವುದನ್ನು ಐಫೋನಿಗೆ ಸಾಗಿಸುವ 'ಮೂವ್ ಟು ಐಓಎಸ್' ಆಪ್ ಮೂಲಕ ಹಳೆಯ ಫೋನಿನಿಂದ ವಾಟ್ಸಾಪನ್ನು ತರಬಹುದು. ಹೊಸದರಲ್ಲಿ ತೆಗೆದ ಫೋಟೋಗಳಿದ್ದರೆ ಮೊದಲು ಅವನ್ನು ಬೇರೆ ಕಡೆ ಇಟ್ಟುಕೋ. ಕೊಂಡು ಸ್ವಲ್ಪ ದಿನವಷ್ಟೇ ಆಗಿರುವುದರಿಂದ ಈಗ ಅಳಿಸಿದರೆ ಹೋಗುವುದು ಕಡಿಮೆ.

ಯುಪಿಐ ಆಪ್‌ಗಳು ಫೋನಿಗೂ ಸಿಮ್ಮಿಗೂ ಗಂಟು ಹಾಕಿಕೊಂಡಿರುತ್ತವೆ. ಫೋನ್ ಬದಲಿಸಿದಾಗ ಮತ್ತೆ ನೋಂದಣಿ ಆಗಬೇಕು, ಮೊದಮೊದಲು ಕಳಿಸುವ ಹಣಕ್ಕೂ ಮಿತಿ ಇರುತ್ತದೆ. ಮನೆ ಬಾಡಿಗೆ ಕಟ್ಟುವ ದಿನ ಈ ಕೆಲಸಕ್ಕೆ ಕೈ ಹಾಕಬೇಡ. ಪರ್ಸಿನಲ್ಲಿ ಸ್ವಲ್ಪ ನಗದು ಇರಲಿ. ಆಫೀಸಿನ ಲಾಗಿನ್ನಿಗೆ ಕೋಡ್ ತೋರಿಸುವ ಆಪ್ ಇದ್ದರೆ ಅದನ್ನೂ ಹೊಸದಕ್ಕೆ ತಂದುಕೋ. ಹಳೆಯ ಫೋನು ಕೈಬಿಟ್ಟ ಮೇಲೆ ಅದು ದೊಡ್ಡ ತಲೆನೋವು.

ಎಲ್ಲ ಮುಗಿದ ಮೇಲೆ ಹಳೆಯದನ್ನು ಕೊಡುವುದಾದರೆ ಕೊಡು. ಗೂಗಲ್ ಖಾತೆ ತೆಗೆದು, ಫ್ಯಾಕ್ಟರಿ ರೀಸೆಟ್ ಮಾಡಿ, ನಿನ್ನ ಕೈಯಾರೆ ಕೊಡು. ಹೊಸದರ ಬಿಲ್ಲನ್ನು ಬಾಕ್ಸಿನಲ್ಲೇ ಇಡು. ಲ್ಯಾಪ್‌ಟಾಪಿಗೆ ಕಾಪಿ ಮಾಡಿದ ಅಮ್ಮನ ದನಿಯನ್ನು ನನಗೂ ಕಳಿಸು, ನಿನ್ನ ಅಮ್ಮನಿಗೂ ಕಳಿಸು.

ಇಂತಿ ನಿನ್ನ
ಮಾವ